ಪೀಣ್ಯ ಬಿಟ್ಟು ವಸಂತನರಸಾಪುರಕ್ಕೆ ಹೋದರೆ ನಮ್ಮ ಶಾಪ್ ಬೆಳೆಯುತ್ತಾ?

ಬುಶ್_ಬ್ಲ್ಯಾಂಕ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ಮೂರು ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ) ಲೇತ್, ಒಂದು ವಿಎಂಸಿ (ಮಿಲ್ಲಿಂಗ್ ಮೆಷಿನ್), ಹತ್ತು ಹನ್ನೆರಡು ಜನ. ಗೇರ್ ಬ್ಲ್ಯಾಂಕ್ (ಹಲ್ಲು ಕೊರೆಯುವ ಮುಂಚಿನ ಗೇರ್), ಬುಶ್ (ಶಾಫ್ಟ್ ಕೂರುವ ಕೊಳವೆಯಂಥ ಭಾಗ), ಶಾಫ್ಟ್, ಯಾರು ಏನು ಡ್ರಾಯಿಂಗ್ ತಂದುಕೊಟ್ಟರೂ ಮಾಡುತ್ತೇವೆ. ಬಾಡಿಗೆ ಶೆಡ್. ಅಗ್ರಿಮೆಂಟ್ ಮುಗಿದಾಗಲೆಲ್ಲ ಓನರ್ ಬಾಡಿಗೆ ಏರಿಸುತ್ತಾರೆ, ಇನ್ನೊಂದು ಮೆಷಿನ್ ಹಾಕೋಣ ಅಂದರೆ ಜಾಗ ಇಲ್ಲ, ಲಾರಿ ಬಂದರೆ ತಿರುಗಿಸೋಕೂ ಆಗಲ್ಲ.

ಭಾವಮೈದುನ ಹೇಳುತ್ತಾನೆ, ತುಮಕೂರು ಆಚೆ ವಸಂತನರಸಾಪುರಕ್ಕೆ ಹೋಗೋಣ, ಅಲ್ಲಿ ಜಾಗ ದೊಡ್ಡದು, ರಸ್ತೆ ಅಗಲ, ಮೆಷಿನ್ ಟೂಲ್ ಪಾರ್ಕ್ ಬೇರೆ ಇದೆ ಅಂತ. ಲೆಕ್ಕ ಹಾಕಿದರೆ ಸಾಗಾಣಿಕೆ ಖರ್ಚು ಸೇರಿಸಿಯೂ ಉಳಿತಾಯವೇ ಕಾಣುತ್ತದೆ. ಆದರೂ ಏನೋ ಅಳುಕು. ಇಲ್ಲಿ ಇರುವುದರಿಂದ ನಮಗೆ ಏನು ಸಿಗುತ್ತಿದೆ ಅನ್ನೋದನ್ನ ರೂಪಾಯಿಯಲ್ಲಿ ಬರೆಯೋಕೆ ಬರ್ತಿಲ್ಲ. ಹೋದವರು, ಹೋಗಿ ವಾಪಸ್ ಬಂದವರು ಯಾರಾದರೂ ಇದ್ದರೆ ಹೇಳಿ.

ಹಳೇ ಟರ್ನರ್:

ರೂಪಾಯಿಯಲ್ಲಿ ಬರೆಯೋಕೆ ಬರದೆ ಇರುವುದೇ ಇಲ್ಲಿ ಜಾಸ್ತಿ ಸಿಗುವುದು. ಒಂದು ಉದಾಹರಣೆ ಕೊಡುತ್ತೇನೆ. ಒಮ್ಮೆ ಇಎನ್ 353 ಅನ್ನೋ ಉಕ್ಕಿನಲ್ಲಿ ಒಂದು ತೆಳು ಗೋಡೆಯ ಬುಶ್ ಬಂದಿತ್ತು, ಕೇಸ್ ಹಾರ್ಡನಿಂಗ್ (ಮೇಲ್ಪದರ ಮಾತ್ರ ಗಟ್ಟಿ ಮಾಡುವುದು) ಆಗಬೇಕು, ಒಳಗೆ ಕೀವೇ (ಕೀ ಕೂರಿಸುವ ಕಾಲುವೆ). ಡ್ರಾಯಿಂಗ್‌ನಲ್ಲಿ ಎಲ್ಲ ಸರಿಯಾಗೇ ಇತ್ತು. ಮೊದಲ ಪೀಸ್ ಹಿಡಿದುಕೊಂಡು ಪಕ್ಕದ ರಸ್ತೆಯ ಹೀಟ್ ಟ್ರೀಟ್‌ಮೆಂಟ್‌ನವರ ಹತ್ತಿರ ಹೋದೆ. ಅವರು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದ್ದು ಎರಡೇ ಮಾತು. ಕ್ವೆಂಚ್ ಆದಾಗ (ಕಾದದ್ದನ್ನು ಥಟ್ಟನೆ ತಣಿಸಿದಾಗ) ಬೋರ್, ಅಂದರೆ ಒಳಗಿನ ತೂತು, ಓವಲ್ ಆಗುತ್ತದೆ, ಗ್ರೈಂಡಿಂಗ್‌ಗೆ ಇನ್ನೂ ಸ್ವಲ್ಪ ಮೆಟೀರಿಯಲ್ ಬಿಡಿ. ಕೀವೇ ಈಗಲೇ ಹಾಕಬೇಡಿ, ಅಲ್ಲಿಂದಲೇ ತಿರುಚಿಕೊಳ್ಳುತ್ತದೆ, ಹಾರ್ಡನ್ ಆದ ಮೇಲೆ ವೈರ್ ಕಟ್ (ತಂತಿಯ ವಿದ್ಯುತ್ ಕಿಡಿಯಿಂದ ಕೊರೆಯುವುದು) ಮಾಡಿಸಿ. ವೈರ್ ಕಟ್‌ನವರು ಎಲ್ಲಿ? ಅದೇ ಬೀದಿಯ ಕೊನೆಯಲ್ಲಿ. ಈ ಸಲಹೆಗೆ ಯಾರೂ ಬಿಲ್ ಹಾಕಲಿಲ್ಲ. ಅದು ಸಿಗದಿದ್ದರೆ ಇಡೀ ಬ್ಯಾಚ್ ರಿಜೆಕ್ಟ್ ಆಗುತ್ತಿತ್ತು.

ಈ ತಿಳಿವಳಿಕೆ ಸುಮ್ನೆ ಬಂದಿದ್ದಲ್ಲ. 1940ರಲ್ಲಿ ವಿಮಾನ ಮಾಡುವ ಎಚ್‌ಎಎಲ್, 1953ರಲ್ಲಿ ಮೆಷಿನ್ ಟೂಲ್ ಮಾಡುವ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್, ಆಮೇಲೆ 1962ರಲ್ಲಿ ತುಮಕೂರು ರಸ್ತೆಯಲ್ಲಿ ಮೆಷಿನ್ ಟೂಲ್ ಸಂಶೋಧನೆಯ ಸಿಎಂಟಿಐ ಬಂದವು. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಸ್ಕ್ರೇಪಿಂಗ್ (ಲೋಹದ ಮೇಲ್ಮೈಯನ್ನು ಕೈಯಿಂದ ಹೆರೆದು ಸಮ ಮಾಡುವುದು) ಕಲಿತವರು, ಅಲ್ಲೇ ಡಿಸೈನ್ ಮಾಡಿದವರು ಹೊರಗೆ ಬಂದು ಶೆಡ್ ಹಾಕಿದರು. ಅವರ ಹತ್ತಿರ ಕೆಲಸ ಕಲಿತವರು ಪಕ್ಕದಲ್ಲೇ ಇನ್ನೊಂದು ಶೆಡ್ ಹಾಕಿದರು. ಎಚ್‌ಎಂಟಿ ಸೊರಗಿದರೂ ಆ ಕೈಗಳು ಪೀಣ್ಯದಲ್ಲೇ ಉಳಿದವು.

ನೀವು ಜಾಬ್ ವರ್ಕ್ ಮಾಡುವವರು, ದಿನಕ್ಕೊಂದು ಹೊಸ ಡ್ರಾಯಿಂಗ್. ನನ್ನ ಕೇಳಿದರೆ ಹೋಗಬೇಡಿ.

ತುಮಕೂರು_ಕಡೆಯವ:

ಅಣ್ಣ, ನಾವು ಹೋದವರು, ಸ್ವಲ್ಪ ಖಾರವಾಗೇ ಹೇಳುತ್ತೇನೆ. ಪೀಣ್ಯದ ಬಗ್ಗೆ ಎಲ್ಲರೂ ಹೀಗೇ ಹೊಗಳುತ್ತಾರೆ, ಅದರ ಇನ್ನೊಂದು ಮುಖ ಯಾರೂ ಹೇಳಲ್ಲ. ಒಬ್ಬ ಹುಡುಗನಿಗೆ ಸೆಟ್ಟಿಂಗ್ ಕಲಿಸಿ, ಪ್ರೋಗ್ರಾಂ ಬರೆಯೋಕೆ ಕಲಿಸಿ, ಇನ್ನೇನು ಒಂದು ಶಿಫ್ಟ್ ಅವನ ಕೈಗೆ ಬಿಡಬಹುದು ಅನ್ನೋ ಹೊತ್ತಿಗೆ ಎದುರು ಶೆಡ್‌ನವರು ಎರಡು ಸಾವಿರ ಜಾಸ್ತಿ ಕೊಟ್ಟು ಕರೆದುಕೊಳ್ಳುತ್ತಾರೆ, ಅವನ ಜೊತೆ ನಿಮ್ಮ ಫಿಕ್ಸ್ಚರ್ (ಪೀಸ್ ಹಿಡಿದಿಡುವ ಸಾಧನ) ಐಡಿಯಾನೂ ಹೋಗುತ್ತದೆ. ತಿಳಿವಳಿಕೆ ಹರಡುತ್ತದೆ ಅಂತ ಸಂತೋಷಪಡುವವರು ಅದು ನಮ್ಮ ಶೆಡ್‌ನಿಂದ ಹೊರಗೂ ಹರಿಯುತ್ತದೆ ಅನ್ನೋದನ್ನ ಮರೆಯುತ್ತಾರೆ. ರೇಟ್ ಕೂಡ ಹಾಗೇ. ಕಸ್ಟಮರ್ ಒಂದೇ ಬೀದಿಯಲ್ಲಿ ನಾಲ್ಕು ಕೊಟೇಷನ್ ತೆಗೆದುಕೊಳ್ಳುತ್ತಾನೆ.

ಇಲ್ಲಿ ಸುತ್ತಲಿನ ಹಳ್ಳಿಯ ಐಟಿಐ, ಡಿಪ್ಲೊಮಾ ಹುಡುಗರನ್ನು ತೆಗೆದುಕೊಂಡೆವು. ಕಲಿಯೋಕೆ ಟೈಮ್ ಹಿಡಿಯಿತು, ಆದರೆ ನಿಂತರು. ನಮ್ಮದು ಮಾತ್ರ ಎರಡೇ ಪಾರ್ಟ್, ತಿಂಗಳಿಡೀ ಅದೇ ಓಡುತ್ತದೆ. ಬಿಡಿ ಕೆಲಸ ಇದ್ದಿದ್ದರೆ ಈ ಮಾತು ಹೇಳುತ್ತಿರಲಿಲ್ಲ. ಯಾಕಂದರೆ ಒಂದು ಸ್ಪೆಷಲ್ ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಬೇಕಾದರೂ, ಸ್ಪಿಂಡಲ್ ಬೇರಿಂಗ್ ಹೋದರೂ ಇಲ್ಲಿಂದ ಫೋನ್ ಮಾಡುವುದು ಪೀಣ್ಯಕ್ಕೇ. ಸರ್ವಿಸ್‌ನವರು ನಾಳೆ ಬರುತ್ತೇವೆ ಅಂದರೆ ನಾಡಿದ್ದು ಅಂತ ಅರ್ಥ.

ಇನ್ನೊಂದು, ನಿಮ್ಮ ಹಳೇ ಸೆಟ್ಟರ್‌ಗಳನ್ನು ಕೇಳಿದಿರಾ? ಲಗ್ಗೆರೆ, ಅಂದ್ರಹಳ್ಳಿ, ದಾಸರಹಳ್ಳಿಯಲ್ಲಿ ಮನೆ ಮಾಡಿಕೊಂಡು ಮಕ್ಕಳನ್ನು ಸ್ಕೂಲಿಗೆ ಹಾಕಿರುವವರು ಎಪ್ಪತ್ತು ಎಂಬತ್ತು ಕಿಲೋಮೀಟರ್ ಆಚೆ ಬರಲ್ಲ. ನಮ್ಮವರಲ್ಲಿ ಬಂದಿದ್ದು ಒಬ್ಬರೇ, ಅವರ ಊರು ಶಿರಾ ಅನ್ನೋ ಕಾರಣಕ್ಕೆ.

ಉದ್ಯಮಬಾಗ್:

ಬೆಳಗಾವಿಯಿಂದ ಒಂದು ಮಾತು ಸೇರಿಸ್ತೀನ್ರಿ. ಎಲ್ಲ ಕಡೆ ಎಲ್ಲ ತಿಳಿವಳಿಕೆ ಇರಲ್ಲ. ನಮ್ಮಲ್ಲಿ ಕಾಸ್ಟಿಂಗ್ ಮತ್ತು ಹೈಡ್ರಾಲಿಕ್ಸ್. ಒಂದು ವಾಲ್ವ್ ಬಾಡಿ ಕಾಸ್ಟಿಂಗ್‌ನಲ್ಲಿ ಬ್ಲೋಹೋಲ್ (ಗಾಳಿ ಸಿಕ್ಕಿಕೊಂಡು ಆದ ತೂತು) ಬಂದರೆ ಪ್ಯಾಟರ್ನ್ (ಅಚ್ಚಿನ ಮಾದರಿ) ಮಾಡುವವರು, ಮೋಲ್ಡರ್, ಮೆಷಿನ್ ಶಾಪ್‌ನವರು ಮೂವರೂ ಅದೇ ದಿನ ಸಂಜೆ ಒಂದು ಕಡೆ ನಿಂತು ಜಗಳ ಆಡುತ್ತಾರೆ. ಮರಳು ಹಸಿ ಇತ್ತಾ, ಗಾಳಿ ಹೋಗೋಕೆ ದಾರಿ ಇರಲಿಲ್ಲವಾ, ರನ್ನರ್ (ಕರಗಿದ ಲೋಹ ಹರಿಯುವ ದಾರಿ) ತಪ್ಪು ಜಾಗದಲ್ಲಿದೆಯಾ. ಮಾರನೇ ದಿನಕ್ಕೆ ಪ್ಯಾಟರ್ನ್ ತಿದ್ದಿರುತ್ತದೆ. ಇದೇ ಕೆಲಸ ಬೇರೆ ಊರಿನಿಂದ ಮೇಲ್ ಬರೆದು ಮಾಡಿಸಿದರೆ ವಾರಗಟ್ಟಲೆ ಹಿಡಿಯುತ್ತದೆ.

ಉಲ್ಟಾ ಉದಾಹರಣೆನೂ ನಮ್ಮಲ್ಲೇ ಇದೆ. ಹತ್ತರಗಿಯ ಏಕಸ್ ಅನ್ನೋ ಕಂಪನಿಯಲ್ಲಿ ವಿಮಾನದ ಬಿಡಿಭಾಗಕ್ಕೆ ಬೇಕಾದ ಫೋರ್ಜಿಂಗ್, ಮೆಷಿನಿಂಗ್, ಸರ್ಫೇಸ್ ಟ್ರೀಟ್‌ಮೆಂಟ್ ಎಲ್ಲ ಒಂದೇ ಆವರಣದಲ್ಲಿದೆ. ಪಕ್ಕದ ಬೀದಿಯಲ್ಲಿ ಸಿಗದೆ ಇರುವುದನ್ನು ಅವರು ತಂದು ಪಕ್ಕದಲ್ಲೇ ಕೂರಿಸಿಕೊಂಡರು. ಅಷ್ಟು ದುಡ್ಡು, ಅಷ್ಟು ಆರ್ಡರ್ ಇದ್ದವರಿಗೆ ಅದು ಸಾಧ್ಯ. ನಾಲ್ಕು ಮೆಷಿನ್‌ನವರಿಗೆ ಬೀದಿಯೇ ಬೇಕು.

ಎಕನಾಮಿಕ್ಸ್ ಮೇಷ್ಟ್ರು:

ಪಾಠ ಮಾಡುವವನು ನಾನು, ಮೆಷಿನ್ ಮುಟ್ಟಿದವನಲ್ಲ, ಬೈಯಬೇಡಿ. ಆಲ್ಫ್ರೆಡ್ ಮಾರ್ಷಲ್ ಅನ್ನೋ ಅರ್ಥಶಾಸ್ತ್ರಜ್ಞ ಇದನ್ನೇ 1890ರಲ್ಲಿ ಹೇಳಿದ್ದರು. ಒಂದೇ ಕಸುಬಿನವರು ಒಂದು ಕಡೆ ಸೇರಿದರೆ ನುರಿತ ಕೆಲಸಗಾರರು ಸಿಗುತ್ತಾರೆ, ಪೂರಕ ಕೆಲಸದವರು ಹತ್ತಿರ ಬರುತ್ತಾರೆ, ಕಸುಬಿನ ಗುಟ್ಟು ಬಾಯಿಂದ ಬಾಯಿಗೆ ಹರಡುತ್ತದೆ. ಹಳೇ ಟರ್ನರ್ ಬರೆದಿರುವುದರಲ್ಲಿ ಮೂರೂ ಇವೆ.

ಆದರೆ ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಬೇರೆ ಕಡೆ ಇದೆ. ಡ್ಯುರಾಂಟನ್ ಮತ್ತು ಪುಗಾ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2001ರಲ್ಲಿ ಫ್ರಾನ್ಸ್‌ನಲ್ಲಿ ಜಾಗ ಬದಲಿಸಿದ ಕಂಪನಿಗಳ ಲೆಕ್ಕ ಕೊಟ್ಟರು. ಹತ್ತರಲ್ಲಿ ಏಳಕ್ಕೂ ಹೆಚ್ಚು ಕಂಪನಿಗಳು ಹೋಗಿದ್ದು ನಾನಾ ಕಸುಬು ಇರುವ ಊರಿನಿಂದ ಒಂದೇ ಕಸುಬಿನಲ್ಲಿ ಪಳಗಿದ ಊರಿಗೆ. ಅವರ ವಾದ ಏನಂದರೆ, ಏನು ಮಾಡಬೇಕು, ಹೇಗೆ ಮಾಡಬೇಕು ಅಂತ ಹುಡುಕುವಾಗ ದೊಡ್ಡ ಊರು ಬೇಕು, ಅಲ್ಲಿ ದುಬಾರಿಯಾದರೂ ಕಲಿಕೆ ಸಿಗುತ್ತದೆ. ವಿಧಾನ ಒಮ್ಮೆ ಗಟ್ಟಿಯಾದ ಮೇಲೆ ಆ ದುಬಾರಿ ಬಾಡಿಗೆ ಕಟ್ಟುವುದರಲ್ಲಿ ಅರ್ಥ ಇಲ್ಲ. ಸಸಿ ಮಡಿಯಿಂದ ಕಿತ್ತು ಗದ್ದೆಗೆ ನಾಟಿ ಮಾಡುವ ಹಾಗೆ.

ಒಂದು ಎಚ್ಚರಿಕೆ. ಪೀಣ್ಯದ ಶಾಪ್‌ಗಳು ಚೆನ್ನಾಗಿ ನಡೆಯುತ್ತಿರುವುದನ್ನು ನೋಡಿ ಎಲ್ಲವೂ ಜಾಗದ ಮಹಿಮೆ ಅಂದುಕೊಳ್ಳಬೇಡಿ. ಆ ಬಾಡಿಗೆ ತಡೆಯಲಾರದವರು ಆಗಲೇ ಮುಚ್ಚಿ ಹೋಗಿರುತ್ತಾರೆ, ಅವರು ನಮ್ಮ ಕಣ್ಣಿಗೆ ಬೀಳಲ್ಲ.

ಬುಶ್_ಬ್ಲ್ಯಾಂಕ್:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನಮ್ಮಲ್ಲಿ ಎರಡೂ ಥರದ ಕೆಲಸ ಇದೆಯಲ್ಲ? ಒಂದು ಗೇರ್ ಬ್ಲ್ಯಾಂಕ್ ಎರಡು ವರ್ಷದಿಂದ ಬದಲಾಗದೆ ಓಡುತ್ತಿದೆ, ಎರಡು ಲೇತ್ ಅದಕ್ಕೇ ಮೀಸಲು. ಉಳಿದದ್ದೆಲ್ಲ ಬಿಡಿ ಕೆಲಸ, ದುಡ್ಡು ಜಾಸ್ತಿ ಉಳಿಯುವುದು ಅದರಲ್ಲೇ.

ತುಮಕೂರು_ಕಡೆಯವ:

ಹಾಗಿದ್ದರೆ ಆ ಎರಡು ಲೇತ್ ಮಾತ್ರ ಈ ಕಡೆ ಕಳಿಸಿ, ಉಳಿದಿದ್ದನ್ನ ಅಲ್ಲೇ ಸಣ್ಣ ಶೆಡ್‌ನಲ್ಲಿ ಇಟ್ಟುಕೊಳ್ಳಿ. ಆದರೆ ಎರಡು ಕಡೆ ಸೂಪರ್‌ವೈಸರ್, ಎರಡು ಕಡೆ ಕರೆಂಟ್ ಡೆಪಾಸಿಟ್, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೆಷಿನ್ ಇಳಿಸಿದ ಮೇಲೆ ಲೆವೆಲಿಂಗ್‌ಗೆ ಕಂಪನಿಯವರನ್ನೇ ಕರೆಸಿ, ಖರ್ಚು ಉಳಿಸೋಕೆ ಹೋಗಬೇಡಿ.

ಹಳೇ ಟರ್ನರ್:

ಇದಕ್ಕೆ ನನ್ನ ತಕರಾರಿಲ್ಲ. ಆದರೆ ಪೇಮೆಂಟ್ ವಿಷಯ ಯಾರೂ ಎತ್ತಲಿಲ್ಲ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಕೊಡಬೇಕು ಅಂತ ಕಾನೂನಿದೆ ನಿಜ. ಯಾರು ಕೊಡುತ್ತಾರೆ, ಯಾರು ಸತಾಯಿಸುತ್ತಾರೆ ಅನ್ನೋದು ಗೊತ್ತಾಗುವುದು ಮಾತ್ರ ಟೀ ಅಂಗಡಿಯಲ್ಲಿ. ಭಾವಮೈದುನನ್ನ ಅಲ್ಲಿಗೆ ಕಳಿಸಿ, ನೀವು ಇಲ್ಲೇ ಇರಿ. ಗೇರ್ ಬ್ಲ್ಯಾಂಕ್ ಕಸ್ಟಮರ್ ಹತ್ತಿರ ಜಾಗ ಬದಲಿಸೋಕೆ ಮೊದಲೇ ಅಪ್ರೂವಲ್ ತೆಗೆದುಕೊಳ್ಳಿ, ಕೆಲವರು ಹೊಸ ಜಾಗಕ್ಕೆ ಮತ್ತೆ ಆಡಿಟ್ ಮಾಡುತ್ತಾರೆ, ಅದು ಮುಗಿಯುವವರೆಗೆ ಪಿಒ (ಖರೀದಿ ಆರ್ಡರ್) ನಿಲ್ಲಿಸುತ್ತಾರೆ.