ಚಾರ್ಲಿ ಪಾರ್ಕರ್ ಅವರ ಪ್ರತಿಭೆಗೆ ಹೆರಾಯಿನ್ ಕಾರಣವೇ?

ಪ್ರಶ್ನೆ: ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ಅಸಾಧಾರಣ ಮನೋಧರ್ಮಕ್ಕೆ (ನುಡಿಸುತ್ತಲೇ ಹೊಸದನ್ನು ಕಟ್ಟುವ ಕಲೆಗೆ) ಹೆರಾಯಿನ್ ಪ್ರೇರಣೆಯಾಗಿತ್ತೆಂದು ಗೆಳೆಯರೊಬ್ಬರು ವಾದಿಸುತ್ತಾರೆ, ಇದರಲ್ಲಿ ಹುರುಳಿದೆಯೇ?

ಉತ್ತರ 1: ನನಗಂತೂ ಕಾಣುವುದಿಲ್ಲ. ಮೂರು ನಾಲ್ಕು ವರ್ಷ ದಿನಕ್ಕೆ 11ರಿಂದ 15 ಗಂಟೆ ಸಾಧನೆ ಮಾಡಿದ್ದಾಗಿ ಪಾರ್ಕರ್ ಅವರೇ 1954ರ ರೇಡಿಯೊ ಸಂದರ್ಶನದಲ್ಲಿ ಹೇಳಿದ್ದಾರೆ. ಚಟ ಕೊಟ್ಟದ್ದು ಬೇರೆಯದನ್ನು: 1946ರ ಜುಲೈನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಹೆರಾಯಿನ್ ಸಿಗದೆ ಮದ್ಯಕ್ಕೆ ಶರಣಾಗಿ ಧ್ವನಿಮುದ್ರಣಕ್ಕೆ ಬಂದಾಗ, ಮೈಕಿನ ಮುಂದೆ ನೆಟ್ಟಗೆ ನಿಲ್ಲಲಾಗದ ಅವರನ್ನು ಇನ್ನೊಬ್ಬರು ಹಿಡಿದುಕೊಳ್ಳಬೇಕಾಯಿತು, ಅಂದು ರಾತ್ರಿಯೇ ಬಂಧನ, ಬಳಿಕ ಕ್ಯಾಮರಿಲ್ಲೊ ಮಾನಸಿಕ ಆಸ್ಪತ್ರೆಯಲ್ಲಿ ಸುಮಾರು ಆರು ತಿಂಗಳು.

ಉತ್ತರ 2: ಅವರಂತೆ ನುಡಿಸುವ ಆಸೆಯಿಂದ ಎಷ್ಟೋ ಕಿರಿಯ ವಾದಕರು ಸೂಜಿ ಹಿಡಿದದ್ದು ಇನ್ನೂ ನೋವಿನ ಸಂಗತಿ. 1955ರಲ್ಲಿ ತೀರಿಕೊಂಡಾಗ ಪಾರ್ಕರ್ ಅವರಿಗೆ 34 ವರ್ಷ. ದೇಹವನ್ನು ಪರೀಕ್ಷಿಸಿದ ವೈದ್ಯರು ಐವತ್ತು ದಾಟಿದೆಯೆಂದು ಅಂದಾಜಿಸಿದ್ದರು.