ಸಹಾಯ ಬೇಕು: ಆನೆಗೊಂದಿಯ ದೆವ್ವದ ಪ್ರೇಮಕಾದಂಬರಿಗೆ ತಿಥಿ, ಹೊಳೆಯ ವಿವರ

ನಮಸ್ಕಾರ್ರೀ ಎಲ್ಲರಿಗೂ. ಕಥೆ ನಡೆಯೋದು ರಕ್ಕಸತಂಗಡಗಿ ಯುದ್ಧ ಮುಗಿದ ದಿನಗಳಲ್ಲಿ. ನಾಯಕಿ ಸತ್ತವಳು, ಹುಣ್ಣಿಮೆಗೆ ಮಾತ್ರ ಕಾಣಿಸ್ತಾಳೆ. ತಿಥಿ ತಪ್ಪಿದರೆ ಕಥೆಯೇ ಕೆಟ್ಟಿತು.

ಪುಸ್ತಕಗಳಲ್ಲಿರುವ ಯುದ್ಧದ ದಿನ, 1565ರ ಜನವರಿ 23, ಯುರೋಪಿನ ಹಳೆಯ ಜೂಲಿಯನ್ ಕ್ಯಾಲೆಂಡರ್ ಲೆಕ್ಕದ್ದು. ಈಗ ನಾವು ಬಳಸುವ ಗ್ರೆಗೋರಿಯನ್ ಬಂದದ್ದು 1582ಕ್ಕೆ. ತಿಥಿ ತೋರಿಸುವ ಆ್ಯಪ್ ಹಿಂದಿನ ವರ್ಷಗಳಿಗೂ ಗ್ರೆಗೋರಿಯನ್ನೇ ಹಿಡಿದರೆ 10 ದಿನ ಕೂಡಿಸಿ ಫೆಬ್ರವರಿ 2 ಹಾಕಬೇಕು, ಇಲ್ಲವಾದರೆ ಬೆಳದಿಂಗಳಿರಬೇಕಾದಲ್ಲಿ ಕತ್ತಲೆ ಬಂದು ಕೂಡುತ್ತದೆ. ಯುಗಾದಿ ಇನ್ನೂ ಬಂದಿರಲಿಲ್ಲ, ಹಾಗಾಗಿ ಶಕ 1486, ರಕ್ತಾಕ್ಷಿ ಸಂವತ್ಸರ. ಕೈಲೆಕ್ಕದಲ್ಲಿ ತಿಥಿ ತೆಗೆಯುವವರು ಯಾರಾದರೂ ಯುದ್ಧದ ನಂತರದ ಮೊದಲ ಹುಣ್ಣಿಮೆ ತೆಗೆದುಕೊಡ್ತೀರೇನ್ರೀ?

ಇನ್ನು ತುಂಗಭದ್ರಾ ಹೊಳೆ. ಈಗ ಜನವರಿಯಲ್ಲಿ ಕಾಣುವ ನೀರು ಡ್ಯಾಮಿನ ಲೆಕ್ಕದ್ದು, ಆಗಿನದಲ್ಲ. ಹರಿಗೋಲೂ ಆಗ ಬಿದಿರು ಹೆಣೆದು ತೊಗಲು ಹೊದಿಸಿದ್ದು. 15–20 ಜನ ಕೂಡುತ್ತಿದ್ದರು, ಅಗತ್ಯ ಬಿದ್ದರೆ ಕುದುರೆಯನ್ನೂ ದಾಟಿಸಬಹುದಿತ್ತು ಅಂತ ಪೋರ್ಚುಗೀಸ್ ಪ್ರವಾಸಿ ಪಯಸ್ ಬರೆದಿದ್ದಾನೆ. ಆದರೆ ನಡುಹೊಳೆಯಲ್ಲಿ ಹರಿಗೋಲು ಗರಗರ ತಿರುಗುವಾಗ ಕುದುರೆ ಬೆದರದಂತೆ ಹಿಡಿಯೋದು ಹೇಗೆ? ತೊಗಲು ಒಣಗಿ ಬಿರಿಯದಂತೆ ಏನು ಸವರುತ್ತಿದ್ದರು? ಆನೆಗೊಂದಿ ಕಡೆಯ ಅಂಬಿಗರ ಮನೆತನದವರು, ಹಿರಿಯರನ್ನ ಕೇಳಿ ಹೇಳಿದರೆ ಭಾಳ ಉಪಕಾರ.

ಕಥೆಯ ಅಡುಗೆಮನೆಗೆ ಸಹಾಯ ಬೇಡ. ಆ ಕಾಲಕ್ಕೆ ಹೊಂದದ ಮೆಣಸಿನಕಾಯಿ, ಟೊಮೆಟೊ ತೆಗೆದು ಕರಿಮೆಣಸು, ಹುಣಸೆಹಣ್ಣು ಹಾಕಿಯಾಗಿದೆ.