ಏರಿನಲ್ಲಿ ಎಂಜಿನ್ ಬಿಸಿಯಾಗುವ ಹಳೆಯ ಪಿಕಪ್‌ಗೆ ಏನು ಮದ್ದು?

ಪಾಂಡವಪುರದಿಂದ ಪ್ರಶ್ನೆ:

ತಂದೆಯವರ ಕಾಲದ ಮಹೀಂದ್ರ ಪಿಕಪ್ ನಮ್ಮಲ್ಲಿದೆ. 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್. ಆಲೆಮನೆಯಿಂದ ಬೆಲ್ಲ ಹೇರಿಕೊಂಡು ಮಂಡ್ಯದ ಮಾರುಕಟ್ಟೆಗೆ ಹೋಗುವುದೇ ಅದರ ಮುಖ್ಯ ಕೆಲಸ. ಬಯಲಿನಲ್ಲಿ ತೊಂದರೆಯಿಲ್ಲ. ಮೇಲುಕೋಟೆಯ ಏರಿನಲ್ಲಿ ಮತ್ತು ಪೇಟೆಯ ದಟ್ಟಣೆಯಲ್ಲಿ ನಿಂತಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ವಾಲ್ವನ್ನು ಯಾವ ಕಾಲದಲ್ಲೋ ತೆಗೆದು ಬಿಸಾಡಿದ್ದಾರೆ. ಫ್ಯಾನಿನ ಸುತ್ತ ಶ್ರೌಡ್ (ತಗಡಿನ ಕವಚ) ಇಲ್ಲ. ಅಲ್ಯೂಮಿನಿಯಂ ರೇಡಿಯೇಟರ್, ಎಲೆಕ್ಟ್ರಿಕ್ ಫ್ಯಾನ್ ಹಾಕಿಸು ಎಂದು ಎಲ್ಲರೂ ಹೇಳುತ್ತಿದ್ದಾರೆ. ಹಾಕಿಸಿದವರು ಇದ್ದರೆ ಅನುಭವ ತಿಳಿಸಿ.

ಮೈಸೂರಿನಿಂದ:

ಅಣ್ಣಾ, ದುಡ್ಡು ಬಿಚ್ಚುವ ಮೊದಲು ಗಾಡಿ ಯಾವಾಗ ಕಾಯುತ್ತದೆ ಎಂಬುದನ್ನು ಹಿಡಿಯಿರಿ. ನಿಂತಾಗ ಕಾದು, ಓಡಿದಾಗ ತಣಿದರೆ ಗಾಳಿ ಸಾಲುತ್ತಿಲ್ಲ. ಓಡುತ್ತಿರುವಾಗಲೂ ಭಾರಕ್ಕೆ ಕಾದರೆ ನೀರು ಸರಿಯಾಗಿ ತಿರುಗುತ್ತಿಲ್ಲ, ಇಲ್ಲವೇ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ. ನಿಮ್ಮ ಗಾಡಿಗೆ ಎರಡೂ ಇದ್ದಂತಿದೆ.

ಎಲ್ಲಕ್ಕೂ ಮೊದಲು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ ಸಿಲಿಂಡರುಗಳ ಮೇಲಿನ ಹೆಡ್ಡಿನ ಕೆಳಗೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದೇ ಅನುಮಾನಿಸಬೇಕು. ಹಾಗಿದ್ದರೆ ಯಾವ ಹೊಸ ರೇಡಿಯೇಟರೂ ನಿಮ್ಮನ್ನು ಕಾಪಾಡದು, ಹೆಡ್ ಇಳಿಸಲೇಬೇಕು. ಗುಳ್ಳೆ ಇಲ್ಲದಿದ್ದರೆ ಮುಚ್ಚಳ ಹಾಕಿ, ಗಾಡಿ ಬಿಸಿಯಾದ ಮೇಲೆ ಒಬ್ಬರನ್ನು ಆಕ್ಸಿಲರೇಟರ್ ತುಳಿಯಲು ಕೂರಿಸಿ ಕೆಳಗಿನ ಹೋಸ್ ಪೈಪನ್ನು ನೋಡಿ. ಅದು ಪಂಪು ನೀರು ಎಳೆದುಕೊಳ್ಳುವ ಕಡೆ. ರಬ್ಬರು ಹಳತಾಗಿ, ಒಳಗಿನ ಸ್ಪ್ರಿಂಗು ತುಕ್ಕು ತಿಂದುಹೋಗಿದ್ದರೆ ವೇಗ ಏರಿದಂತೆ ಪೈಪು ಒಳಕ್ಕೆ ಅಂಟಿಕೊಂಡು ನೀರೇ ನಿಂತುಬಿಡುತ್ತದೆ.

ಇನ್ನು ಶ್ರೌಡ್. ಇದು ಇಲ್ಲದಿದ್ದರೆ ಫ್ಯಾನು ರೇಡಿಯೇಟರ್ ಮೂಲಕ ಗಾಳಿ ಎಳೆಯುವ ಬದಲು ಅಕ್ಕಪಕ್ಕದ ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಓಡುವಾಗ ಮುಂದಿನಿಂದ ಗಾಳಿ ನುಗ್ಗುವುದರಿಂದ ದೋಷ ಮುಚ್ಚಿಹೋಗುತ್ತದೆ, ನಿಂತಾಗ ಬಯಲಾಗುತ್ತದೆ. ನನ್ನ ಜೀಪಿಗೆ ತಗಡಿನ ಕೆಲಸದವರಿಂದ ಮಾಡಿಸಿದೆ. ಅಳತೆ ಕೊಡುವಾಗ ಪಕ್ಕದಲ್ಲೇ ನಿಲ್ಲಿ. ತಗಡು ಕೋರಿನ (ರೇಡಿಯೇಟರಿನ ಕೊಳವೆಗಳಿರುವ ಭಾಗದ) ಪೂರ್ತಿ ಅಗಲವನ್ನು ಮುಚ್ಚಬೇಕು. ಫ್ಯಾನಿನ ರೆಕ್ಕೆಗಳ ಅಗಲದಲ್ಲಿ ಅರ್ಧ ಶ್ರೌಡಿನ ಬಳೆಯೊಳಗೆ, ಅರ್ಧ ಹೊರಗೆ ಇರಬೇಕು. ರೆಕ್ಕೆಯ ತುದಿಗೂ ಬಳೆಗೂ ನಡುವೆ ಸುಮಾರು ಒಂದು ಇಂಚು ಬಿಡಿಸಿ. ಹಳೆಯ ಎಂಜಿನ್ ಮೌಂಟಿಂಗ್ ಸಡಿಲವಿದ್ದರೆ ಕ್ಲಚ್ ಬಿಟ್ಟಾಗ ಎಂಜಿನ್ ಅಲುಗಾಡಿ ರೆಕ್ಕೆ ತಗಡಿಗೆ ತಾಗುತ್ತದೆ, ಆ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ತಗಡು ಕೋರಿಗೆ ಕೂರುವ ಅಂಚಿಗೆ ರಬ್ಬರ್ ಪಟ್ಟಿ ಕೊಡಿಸಿ. ಈಗ ಚಾಮುಂಡಿ ಬೆಟ್ಟಕ್ಕೆ ಮಧ್ಯಾಹ್ನ ಹತ್ತಿದರೂ ಮುಳ್ಳು ನಡುವಿನಲ್ಲೇ ಇರುತ್ತದೆ. ರೇಡಿಯೇಟರ್ ಹಳೆಯದೇ.

ಥರ್ಮೋಸ್ಟಾಟನ್ನು ವಾಪಸು ಹಾಕಿಸಿ. ಅದನ್ನು ಕಿತ್ತರೆ ಗಾಡಿ ತಂಪಾಗಿರುತ್ತದೆ ಎಂಬುದು ನಮ್ಮ ಕಡೆಯ ಮೆಕ್ಯಾನಿಕ್‌ಗಳ ಮುರಿಯದ ನಂಬಿಕೆ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ತೆರೆದಾಗಲೇ ಬೈಪಾಸ್ ದಾರಿ ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ, ಅಂದರೆ ಭಾರ ಬಿದ್ದಾಗ ಇನ್ನಷ್ಟು ಕಾಯುತ್ತದೆ. ಚಳಿಯ ಬೆಳಿಗ್ಗೆಯಲ್ಲಿ ಡೀಸೆಲ್ ಎಂಜಿನ್ ಬೆಚ್ಚಗಾಗದೆ ಸವೆಯುವುದು ಬೇರೆ.

ಮದ್ದೂರಿನಿಂದ:

ಮೇಲಿನವರು ಗಾಳಿಯ ಬಗ್ಗೆ ಹೇಳಿದ್ದಾರೆ, ನಾನು ನೀರಿನ ಬಗ್ಗೆ ಹೇಳುತ್ತೇನೆ. ವರ್ಷಗಳಿಂದ ಬೋರ್‌ವೆಲ್ ನೀರು ಸುರಿದಿದ್ದೀರಿ ತಾನೇ? ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವಂತಹ ಸುಣ್ಣವೇ ಬ್ಲಾಕಿನ (ಸಿಲಿಂಡರುಗಳಿರುವ ಎಂಜಿನ್ನಿನ ಮೈಯ) ಒಳಗೂ ಕಟ್ಟಿರುತ್ತದೆ. ಆಗ ಕಬ್ಬಿಣದ ಬಿಸಿಯು ನೀರಿಗೆ ಇಳಿಯುವುದೇ ಇಲ್ಲ. ರೇಡಿಯೇಟರ್ ಒಂದನ್ನೇ ತೊಳೆಸಿ ಬ್ಲಾಕನ್ನು ಮರೆತರೆ ಆ ಕೊಳೆಯೆಲ್ಲ ಬಂದು ಹೊಸ ಕೋರಿನಲ್ಲಿ ಕೂರುತ್ತದೆ. ಬ್ಲಾಕಿನ ಪಕ್ಕದ ಡ್ರೈನ್ ಪ್ಲಗ್ ಬಿಚ್ಚಿಸಿ. ಬಿಚ್ಚಿದರೂ ನೀರು ಬರಲಿಲ್ಲವೆಂದರೆ ತಂತಿ ಹಾಕಿ ಚುಚ್ಚಿಸಿ. ನಮ್ಮ ಗಾಡಿಯಲ್ಲಿ ಮೊದಲು ಕೆಂಪು ಕೆಸರು, ಆಮೇಲೆ ನೀರು ಬಂತು. ಕೊನೆಯ ಸಿಲಿಂಡರಿನ ಸುತ್ತ ಕೆಸರು ಹೆಚ್ಚು ಕೂರುತ್ತದೆ, ಅಲ್ಲಿವರೆಗೂ ಪೈಪು ಬಿಟ್ಟು ತೊಳೆಯಿರಿ. ಆಮೇಲೆ ಬೋರ್ ನೀರಿನ ಸಹವಾಸ ಬೇಡ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಅರ್ಧರ್ಧ.

ಶ್ರೀರಂಗಪಟ್ಟಣದಿಂದ:

ಎಲೆಕ್ಟ್ರಿಕ್ ಫ್ಯಾನ್ ನಾನು ಹಾಕಿಸಿದ್ದೇನೆ. ಕೆಟ್ಟದ್ದೆಂದು ಹೇಳಲಾರೆ, ನಿಂತಾಗ ಚೆನ್ನಾಗಿ ಎಳೆಯುತ್ತದೆ. ಆದರೆ ಅದು ಹತ್ತು, ಇಪ್ಪತ್ತು ಆಂಪಿಯರ್ ಕುಡಿಯುವ ಸಾಮಾನು. ಹಳೆಯ ಡೈನಮೋ ಇದ್ದರೆ ರಾತ್ರಿ ಹೆಡ್‌ಲೈಟ್, ವೈಪರ್, ಫ್ಯಾನು ಮೂರನ್ನೂ ಹೊರಲಾರದು. ಮೊದಲು ಆಲ್ಟರ್ನೇಟರ್, ಆಮೇಲೆ ರಿಲೇ ಮತ್ತು ಫ್ಯೂಸ್ ಹಾಕಿಸಿ, ಕೊನೆಗೆ ಫ್ಯಾನು. ಸ್ವಿಚ್ಚಿಗೆ ನೇರ ವೈರ್ ಎಳೆದು ಕೊಡುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್ನಿಗೆ ನಮಸ್ಕಾರ ಹೇಳಿ ಬನ್ನಿ. ಬೆಲ್ಲದ ಗಾಡಿಗಾದರೆ ಬೆಲ್ಟಿನ ಫ್ಯಾನು ಮತ್ತು ಶ್ರೌಡೇ ಸಾಕು ಎಂದು ನನ್ನ ಅಭಿಪ್ರಾಯ.

ಪಾಂಡವಪುರದಿಂದ:

ಗುಳ್ಳೆ ಇಲ್ಲ. ಕೆಳಗಿನ ಹೋಸ್ ಮೆತ್ತಗಾಗಿದೆ, ಬದಲಿಸುತ್ತೇನೆ. ರೇಡಿಯೇಟರಿನ ಮುಂದೆ ಕಬ್ಬಿನ ತರಗು, ಹುಳುಗಳು ಮೆತ್ತಿಕೊಂಡಿದ್ದವು. ಎಂಜಿನ್ ಆರಿಸಿ ಕೋರಿನ ಮೇಲೆ ಕೈ ಆಡಿಸಿದರೆ ಬಲಗಡೆ ಕೆಳಗೆ ಒಂದು ಗೇಣಿನಷ್ಟು ತಣ್ಣಗಿದೆ. ಹಾಗಾದರೆ ಅಲ್ಯೂಮಿನಿಯಂ ಹಾಕಿಸಲೇ? ಹೆಚ್ಚು ಒತ್ತಡದ ಮುಚ್ಚಳವನ್ನೂ ಹಾಕು ಎನ್ನುತ್ತಿದ್ದಾರೆ.

ಮೈಸೂರಿನಿಂದ:

ತಣ್ಣಗಿರುವ ಕಡೆ ಕೊಳವೆಗಳು ಕಟ್ಟಿವೆ. ತರಗನ್ನು ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲನೆ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ವಾಷರ್ ಹಿಡಿದರೆ ಕೋರಿನ ತೆಳು ರೆಕ್ಕೆತಗಡುಗಳು ಮಡಚಿಕೊಳ್ಳುತ್ತವೆ.

ಅಲ್ಯೂಮಿನಿಯಂ ಹಗುರ, ಕೊಳವೆಗಳು ಅಗಲ, ಒಳ್ಳೆಯದೇ. ಆದರೆ ದಾರಿಯಲ್ಲಿ ಸೋರಿದರೆ ಊರಿನ ಬೆಸುಗೆಯವರಿಂದ ಸರಿಯಾಗದು. ರೇಡಿಯೇಟರಿನ ಹಿತ್ತಾಳೆಯ ಟ್ಯಾಂಕುಗಳನ್ನು ಉಳಿಸಿಕೊಂಡು, ಕೋರನ್ನು ಮಾತ್ರ ಕೊಳವೆಗಳ ಒಂದು ಸಾಲು ಹೆಚ್ಚಿನ ತಾಮ್ರದ್ದಕ್ಕೆ ಬದಲಿಸಿ. ಜಾಗವಿದೆಯೇ, ಫ್ಯಾನು ತಾಗುವುದಿಲ್ಲವೇ ಎಂದು ಮೊದಲೇ ಅಳೆಯಿರಿ.

ಮುಚ್ಚಳದ ವಿಚಾರ: ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ಇಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. 7 ಪಿಎಸ್‌ಐ (ಒತ್ತಡದ ಅಳತೆ) ಮುಚ್ಚಳ ಅದನ್ನು 109ರ ಆಸುಪಾಸಿಗೆ, 13ರದ್ದು 117ಕ್ಕೆ ಏರಿಸುತ್ತದೆ. ಅದು ಕುದಿಯುವುದನ್ನು ಮುಂದೂಡುತ್ತದೆಯೇ ಹೊರತು ಎಂಜಿನ್ನನ್ನು ತಣಿಸುವುದಿಲ್ಲ. ಹಳೆಯ ಬೆಸುಗೆಯ ಟ್ಯಾಂಕಿಗೆ 13 ಹಾಕಿದರೆ ಅಂಚು ಬಿಟ್ಟುಕೊಳ್ಳಬಹುದು. ಈಗಿರುವ ಮುಚ್ಚಳದ ಮೇಲಿನ ಅಂಕಿಯದ್ದನ್ನೇ ಹೊಸದಾಗಿ ತನ್ನಿ, ಹಳೆಯದರ ರಬ್ಬರು ಗಟ್ಟಿಯಾಗಿಹೋಗಿರುತ್ತದೆ.

ಮದ್ದೂರಿನಿಂದ:

ಒಂದು ಮಾತು ಬಿಟ್ಟಿದ್ದೆ. ಇಳಿಸಿದ ಕೂಲಂಟನ್ನು ಕೊಟ್ಟಿಗೆಯ ಬಳಿ ಚೆಲ್ಲಬೇಡಿ. ಸಿಹಿಯಾಗಿರುತ್ತದೆ, ನಾಯಿಯೋ ಕರುವೋ ನೆಕ್ಕಿದರೆ ಜೀವಕ್ಕೇ ಅಪಾಯ. ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಗ್ಯಾರೇಜಿಗೆ ಕೊಟ್ಟುಬಿಡಿ.